ರಕ್ತಕ್ಕೆ ಬಳಸುದಾರಿಯಿದೆ, ನರಕ್ಕಿಲ್ಲ

ಕೈಗೆ ಗಾಜು ತಾಕಿ ರಕ್ತ ಚಿಮ್ಮಿತೆಂದರೆ ಮನೆಮಂದಿಯೆಲ್ಲ ಓಡಿಬರುತ್ತಾರೆ. ಒಬ್ಬರು ಬಟ್ಟೆ ಸುತ್ತಿದರೆ ಇನ್ನೊಬ್ಬರು ಆಟೊ ಹುಡುಕುತ್ತಾರೆ. ಹೊಲಿಗೆ ಬಿದ್ದು ಗಾಯ ಮಾಯುವ ಹೊತ್ತಿಗೆ ಕಿರುಬೆರಳು ಮರಗಟ್ಟಿದಂತಿದೆ ಎಂದರೆ ಮಾತ್ರ ‘ನಾಲ್ಕು ದಿನ ಹೋದರೆ ಸರಿಯಾಗುತ್ತೆ ಬಿಡು’ ಎಂಬ ಸಮಾಧಾನ ಸಿಗುತ್ತದೆ. ರಕ್ತ ಕಂಡರೆ ಹೆದರುವುದು ಸಹಜ, ಅಗತ್ಯವೂ ಹೌದು. ಆದರೆ ಕೈಯ ಒಳರಚನೆಯನ್ನು ಬಿಡಿಸಿ ನೋಡಿದರೆ ಆ ಎರಡನೆಯ ಮಾತನ್ನು ಇಷ್ಟು ಹಗುರವಾಗಿ ಆಡಬಾರದಿತ್ತು ಅನ್ನಿಸುತ್ತದೆ. ಹೆಗಲಿನಿಂದ ಬೆರಳ ತುದಿವರೆಗೆ ರಕ್ತ ಹರಿಯಲು ಹೆಜ್ಜೆಹೆಜ್ಜೆಗೂ ಬಳಸುದಾರಿಗಳಿವೆ. ನರಕ್ಕೆ ಅಂಥ ದಾರಿ ಇಲ್ಲವೆಂದೇ ಹೇಳಬೇಕು. ರಕ್ತ ನಿಂತ ಮೇಲೆ ಆ ಕೈ ಮುಂದೆ ಗುಂಡಿ ಹಾಕುತ್ತದೆಯೇ, ಪೆನ್ನು ಹಿಡಿಯುತ್ತದೆಯೇ ಎಂಬುದು ಬಹುಮಟ್ಟಿಗೆ ನರಗಳಿಗೆ ಬಿಟ್ಟ ವಿಷಯ.

ಮೊದಲು ರಕ್ತದ ದಾರಿ ನೋಡೋಣ. ಸಬ್‌ಕ್ಲೇವಿಯನ್ ಅಪಧಮನಿ ಕೊರಳೆಲುಬಿನ ಹಿಂದಿನಿಂದ ಬಂದು, ಮೊದಲ ಪಕ್ಕೆಲುಬಿನ ಹೊರ ಅಂಚು ದಾಟಿದೊಡನೆ ಆಕ್ಸಿಲರಿ ಎನಿಸಿಕೊಳ್ಳುತ್ತದೆ. ಕಂಕುಳು ದಾಟಿದ ಮೇಲೆ ಬ್ರೇಕಿಯಲ್. ಬಿ.ಪಿ. ನೋಡುವಾಗ ಪಟ್ಟಿ ಬಿಗಿದು ಅದುಮುವುದು ಇದನ್ನೇ. ಮೊಣಕೈ ಮಡಿಕೆಯಿಂದ ತುಸು ಕೆಳಗೆ ಅದು ಎರಡಾಗಿ, ಹೆಬ್ಬೆರಳ ಕಡೆಗೆ ರೇಡಿಯಲ್, ಕಿರುಬೆರಳ ಕಡೆಗೆ ಅಲ್ನಾರ್ ಆಗಿ ಇಳಿಯುತ್ತದೆ. ಇದು ಹೆದ್ದಾರಿಯ ಮಾತಾಯಿತು. ಸ್ವಾರಸ್ಯವಿರುವುದು ಅಕ್ಕಪಕ್ಕದ ಸಣ್ಣ ಕವಲುಗಳಲ್ಲಿ. ಹೆಗಲ ಹಿಂದಿನ ಚಪ್ಪಟೆ ಮೂಳೆಯ ಸುತ್ತ ಸಬ್‌ಕ್ಲೇವಿಯನ್ ಕಡೆಯ ಕವಲುಗಳೂ ಆಕ್ಸಿಲರಿ ಕಡೆಯ ಕವಲುಗಳೂ ಸೇರಿ ಒಂದು ಬಲೆ ಹೆಣೆದಿವೆ. ನಡುವೆ ಮುಖ್ಯ ನಾಳ ನಿಧಾನವಾಗಿ ಮುಚ್ಚಿಕೊಂಡರೆ ಆ ಬಲೆಯ ಒಂದು ಭಾಗದಲ್ಲಿ ರಕ್ತ ಹಿಮ್ಮುಖವಾಗಿ ಹರಿದಾದರೂ ತೋಳನ್ನು ತಲುಪುತ್ತದೆ. ಮೊಣಕೈ ಸುತ್ತಲೂ ಹೀಗೆಯೇ: ಮೇಲಿನಿಂದ ನಾಲ್ಕು ಕವಲು ಇಳಿದು ಬರುತ್ತವೆ, ಕೆಳಗಿನಿಂದ ನಾಲ್ಕು ಏರಿ ಬರುತ್ತವೆ, ಕೀಲಿನ ಹಿಂದೆಮುಂದೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಂಗೈಯಲ್ಲಂತೂ ರೇಡಿಯಲ್ ಮತ್ತು ಅಲ್ನಾರ್ ಎರಡೂ ಕಮಾನಿನಂತೆ ಬಾಗಿ ಕೂಡುತ್ತವೆ. ಅದೂ ಒಂದಲ್ಲ, ಎರಡು ಕಮಾನು. ಮೇಲಿನದಕ್ಕೆ ಹೆಚ್ಚಿನ ರಕ್ತ ಅಲ್ನಾರ್‌ನಿಂದ, ಆಳದ್ದಕ್ಕೆ ರೇಡಿಯಲ್‌ನಿಂದ.

ಈ ಏರ್ಪಾಡು ಪಠ್ಯಪುಸ್ತಕದ ಚಿತ್ರವಷ್ಟೇ ಅಲ್ಲ ಎಂಬುದಕ್ಕೆ ಸಾಕ್ಷಿ ಇಂದು ಊರೂರಿನ ಹೃದ್ರೋಗ ಆಸ್ಪತ್ರೆಗಳಲ್ಲಿದೆ. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಲೂಸಿಯನ್ ಕ್ಯಾಂಪೋ ಮಣಿಕಟ್ಟಿನ ರೇಡಿಯಲ್ ಅಪಧಮನಿಯ ಮೂಲಕ ಆಂಜಿಯೋಗ್ರಾಮ್ ಮಾಡಿದ ವಿವರ ಪ್ರಕಟಿಸಿದರು. ತೊಡೆಸಂದಿಯ ಮೂಲಕ ನಡೆಯುತ್ತಿದ್ದ ಕೆಲಸ ಆಮೇಲೆ ದೊಡ್ಡ ಪ್ರಮಾಣದಲ್ಲಿ ಮಣಿಕಟ್ಟಿಗೆ ವರ್ಗವಾಯಿತು. ತೂತು ಮಾಡಿದ ನಾಳ ಕೆಲವರಲ್ಲಿ ಆಮೇಲೆ ಮುಚ್ಚಿಹೋಗುತ್ತದೆ. ಅವರಲ್ಲಿ ಬಹುತೇಕರಿಗೆ ಅದು ಗೊತ್ತೂ ಆಗುವುದಿಲ್ಲ, ಅಲ್ನಾರ್ ಅಂಗೈಯನ್ನು ನೋಡಿಕೊಳ್ಳುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಗೆಂದು ರೇಡಿಯಲ್ ಅಪಧಮನಿಯನ್ನೇ ಮುಂಗೈಯಿಂದ ಬಿಡಿಸಿ ಹೃದಯಕ್ಕೆ ಹೊಲಿಯುವುದೂ ಉಂಟು. ಇನ್ನೊಂದು ಸಾಕ್ಷಿ ಮಕ್ಕಳದು. ಮರದಿಂದಲೋ ಕಟ್ಟೆಯಿಂದಲೋ ಬಿದ್ದು ಮೊಣಕೈ ಮೇಲಿನ ಮೂಳೆ ಮುರಿದಾಗ ಬ್ರೇಕಿಯಲ್ ಅಪಧಮನಿ ಮುರುಟಿ ಮಣಿಕಟ್ಟಿನ ನಾಡಿ ಸಿಗದೆ ಹೋಗಬಹುದು. ಆದರೂ ಕೆಲವು ಮಕ್ಕಳ ಅಂಗೈ ಕೆಂಪಗೆ, ಬೆಚ್ಚಗೆ ಇರುತ್ತದೆ. ಮೂಳೆವೈದ್ಯರು ಇದನ್ನು ‘ಪಿಂಕ್ ಪಲ್ಸ್‌ಲೆಸ್ ಹ್ಯಾಂಡ್’ ಎನ್ನುತ್ತಾರೆ. ಅಂಥ ಕೈಯನ್ನೂ ಕಾವಲು ಕಾಯಲೇಬೇಕು, ಆದರೆ ಆ ಕೆಂಪು ಮೊಣಕೈ ಸುತ್ತಲಿನ ಬಲೆಯ ಕೊಡುಗೆ.

ಈಗ ನರಗಳಿಗೆ ಬನ್ನಿ. ಕುತ್ತಿಗೆಯ ಕೊನೆಯ ನಾಲ್ಕು ನರಬೇರುಗಳೂ ಎದೆಭಾಗದ ಮೊದಲನೆಯದೂ ಸೇರಿ ಐದು ಬೇರುಗಳು ಕೂಡಿ, ಕವಲೊಡೆದು, ಮತ್ತೆ ಕೂಡಿ ಕುತ್ತಿಗೆಯಿಂದ ಕಂಕುಳವರೆಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಹೆಣಿಗೆಯಾಗುತ್ತವೆ. ಅದರಿಂದ ಹೊರಡುವ ಮುಖ್ಯ ನರಗಳು ಐದು. ಆಕ್ಸಿಲರಿ ಭುಜವನ್ನೆತ್ತುತ್ತದೆ, ಮಸ್ಕ್ಯುಲೋಕ್ಯುಟೇನಿಯಸ್ ಮೊಣಕೈ ಮಡಚುತ್ತದೆ. ಉಳಿದ ಮೂರು, ರೇಡಿಯಲ್, ಮೀಡಿಯನ್ ಮತ್ತು ಅಲ್ನಾರ್, ಹಸ್ತದವರೆಗೂ ಹೋಗುವಂಥವು. ಮೂರಕ್ಕೂ ದಾರಿಯಲ್ಲಿ ಅಪಾಯದ ಜಾಗಗಳಿವೆ. ರೇಡಿಯಲ್ ನರ ತೋಳಿನ ಮೂಳೆಗೆ ಅಂಟಿಕೊಂಡೇ ಸುತ್ತಿ ಬರುತ್ತದೆ. ಅಲ್ಲಿ ಮೂಳೆ ಮುರಿದರೆ, ಅಥವಾ ಕುಡಿದು ಕುರ್ಚಿಯ ಬೆನ್ನಿಗೆ ತೋಳು ನೇತುಹಾಕಿ ರಾತ್ರಿಯಿಡೀ ಮಲಗಿದರೆ, ಮಣಿಕಟ್ಟು ಜೋತುಬೀಳುತ್ತದೆ. ಅಲ್ನಾರ್ ಮೊಣಕೈ ಒಳಬದಿಯ ಮೂಳೆಯುಬ್ಬಿನ ಹಿಂದೆ ಚರ್ಮದಡಿಯಲ್ಲೇ ಇದೆ. ಬಾಗಿಲ ಅಂಚು ತಗುಲಿದಾಗ ಕಿರುಬೆರಳವರೆಗೆ ಝುಮ್ಮೆನ್ನುವುದು ಅದೇ. ಮೀಡಿಯನ್ ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ತೂರಿ ಹೋಗಬೇಕು. ಒಂದು ನರ ತುಂಡಾದರೆ ಅದು ನಡೆಸುತ್ತಿದ್ದ ಸ್ನಾಯುಗಳ ಕೆಲಸವನ್ನು ಪಕ್ಕದ ನರ ಸಾಮಾನ್ಯವಾಗಿ ವಹಿಸಿಕೊಳ್ಳುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಪ್ಲೆಕ್ಸಸ್ ಕೂಡ ಒಂದು ಬಲೆಯೇ ಅಲ್ಲವೇ, ಅಲ್ಲಿ ಬಳಸುದಾರಿ ಏಕಿಲ್ಲ? ಕೆಲವರ ಮುಂಗೈಯಲ್ಲಿ ಮೀಡಿಯನ್ ನರದಿಂದ ಅಲ್ನಾರ್‌ಗೆ ಎಳೆಗಳು ದಾಟುವುದೂ ನಿಜವಲ್ಲವೇ? ನಿಜ, ಆದರೆ ಈ ಎರಡು ಬಲೆಗಳು ಹೊರನೋಟಕ್ಕೆ ಮಾತ್ರ ಒಂದೇ ಬಗೆ. ಕಾಲುವೆಯ ಯಾವ ತೂಬಿನಿಂದ ಬಂದರೂ ಗದ್ದೆಗೆ ನೀರು ನೀರೇ; ರಕ್ತವೂ ಹಾಗೆ. ನರದ ಎಳೆ ಹಾಗಲ್ಲ. ಸ್ನಾಯುವನ್ನು ಆಡಿಸುವ ಪ್ರತಿ ಎಳೆಯೂ ಬೆನ್ನುಹುರಿಯೊಳಗಿನ ಒಂದೇ ಜೀವಕೋಶದ ಚಾಚು. ಕೋಶ ಕುತ್ತಿಗೆಯಲ್ಲಿ, ಅದರ ತುದಿ ಹೆಬ್ಬೆರಳ ಬುಡದಲ್ಲಿ. ಪ್ಲೆಕ್ಸಸ್‌ನಲ್ಲಿ ಎಳೆಗಳು ಕಟ್ಟು ಬದಲಿಸುತ್ತವೆಯೇ ಹೊರತು ಒಂದರೊಳಗೊಂದು ಬೆರೆಯುವುದಿಲ್ಲ. ಕಡಿದರೆ ಕೆಳಗಿನ ತುಂಡು ತನ್ನ ಕೋಶದಿಂದ ಬೇರ್ಪಟ್ಟು ಕೆಲವೇ ದಿನಗಳಲ್ಲಿ ಶಿಥಿಲವಾಗುತ್ತದೆ. 1850ರಲ್ಲೇ ವಿಜ್ಞಾನಿ ಆಗಸ್ಟಸ್ ವಾಲರ್ ಇದನ್ನು ತೋರಿಸಿಕೊಟ್ಟಿದ್ದರು.

ನರ ಮತ್ತೆ ಬೆಳೆಯುತ್ತದಲ್ಲ, ಹೊಲಿದರಾಯಿತು ಎನ್ನುವವರಿದ್ದಾರೆ. ಕೈಯ ನರ ಬೆಳೆಯುತ್ತದೆ, ಸರಿಯೇ. ಆದರೆ ಅದರ ವೇಗ ದಿನಕ್ಕೆ ಸುಮಾರು 1 ಮಿ.ಮೀ. ಕಂಕುಳ ಬಳಿ ಅಲ್ನಾರ್ ನರ ತುಂಡಾಯಿತೆನ್ನಿ. ಅಲ್ಲಿಂದ ಅಂಗೈಯ ಸಣ್ಣ ಸ್ನಾಯುಗಳಿಗೆ ಸುಮಾರು 60 ಸೆಂ.ಮೀ. ಅಂದರೆ, ಎಲ್ಲ ಸರಿಯಾಗಿ ನಡೆದರೂ 600 ದಿನ. ಅತ್ತ ಕಡೆ ಆಣತಿ ಸಿಗದೆ ಕಾದು ಕೂತ ಸ್ನಾಯು 12ರಿಂದ 18 ತಿಂಗಳಲ್ಲಿ ಮತ್ತೆ ಎಚ್ಚರಗೊಳ್ಳದಷ್ಟು ಬತ್ತಿರುತ್ತದೆ. ನರ ತಲುಪುವ ಹೊತ್ತಿಗೆ ಅಲ್ಲಿ ಆಡಿಸಲು ಏನೂ ಉಳಿದಿರುವುದಿಲ್ಲ. ಬೈಕಿನಿಂದ ಬಿದ್ದು ತಲೆ ಒಂದೆಡೆ ಭುಜ ಒಂದೆಡೆ ಜಗ್ಗಿ, ಬೇರುಗಳೇ ಬೆನ್ನುಹುರಿಯಿಂದ ಕಿತ್ತುಬಂದರೆ ಹೊಲಿಯಲು ತುದಿಯೂ ಸಿಗುವುದಿಲ್ಲ. ಪ್ರಕೃತಿ ಕೊಡದ ಬಳಸುದಾರಿಯನ್ನು ಶಸ್ತ್ರಚಿಕಿತ್ಸಕರೇ ತೋಡಿದ್ದಾರೆ: ಫ್ರಾನ್ಸಿನ ಕ್ರಿಸ್ಟೋಫ್ ಒಬರ್ಲಿನ್ 1994ರಲ್ಲಿ, ಚೆನ್ನಾಗಿರುವ ಅಲ್ನಾರ್ ನರದಿಂದ ಒಂದು ಸಣ್ಣ ಎಳೆಗಟ್ಟನ್ನು ತೆಗೆದು, ಮೊಣಕೈ ಮಡಚುವ ಬೈಸೆಪ್ಸ್‌ನ ನರಕ್ಕೆ ಜೋಡಿಸುವ ವಿಧಾನ ಪ್ರಕಟಿಸಿದರು. ದೂರ ಕಡಿಮೆಯಾದ್ದರಿಂದ ಸ್ನಾಯು ಬತ್ತುವ ಮೊದಲೇ ನರ ಮುಟ್ಟುತ್ತದೆ. ಇದೂ ಗಾಯವಾಗಿ ಆರೇಳು ತಿಂಗಳೊಳಗೆ ಮಾಡಿದರೇ ಚೆಂದ.

ರಕ್ತವಿದ್ದೂ ನರವಿಲ್ಲದ ಕೈಯ ಗತಿ ಏನು ಎಂಬುದನ್ನು ನಮ್ಮ ನೆರೆಯ ವೆಲ್ಲೂರು ಜಗತ್ತಿಗೆ ತೋರಿಸಿದೆ. ಕುಷ್ಠರೋಗ ಅಲ್ನಾರ್ ನರವನ್ನು ಮೊಣಕೈ ಬಳಿ ಹುರಿಯಂತೆ ದಪ್ಪಗಾಗಿಸಿ ಕೆಡಿಸುತ್ತದೆ. ಬೆರಳುಗಳು ಕೊಕ್ಕೆಯಾಗಿ ಮಡಚಿಕೊಳ್ಳುತ್ತವೆ, ಕ್ರಮೇಣ ಮೊಟಕಾಗುತ್ತವೆ. ರೋಗವೇ ಮಾಂಸವನ್ನು ತಿನ್ನುತ್ತದೆ ಎಂದು ಜನ ನಂಬಿದ್ದರು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ವೈದ್ಯ ಪಾಲ್ ಬ್ರಾಂಡ್ ಬೇರೆಯದನ್ನು ಕಂಡರು. ಆ ಬೆರಳುಗಳಿಗೆ ರಕ್ತವಿತ್ತು, ಗಾಯ ಮಾಯುವ ಶಕ್ತಿಯೂ ಇತ್ತು. ನೋವು ತಿಳಿಯುತ್ತಿರಲಿಲ್ಲ, ಅಷ್ಟೆ. ಬಿಸಿ ಪಾತ್ರೆ ಹಿಡಿದು ಸುಟ್ಟುಕೊಂಡರೂ, ಕೀಲಿ ತಿರುವಿ ಚರ್ಮ ಹರಿದರೂ, ರಾತ್ರಿ ಇಲಿ ಕಚ್ಚಿದರೂ ರೋಗಿಗಳಿಗೆ ಅರಿವಾಗುತ್ತಿರಲಿಲ್ಲ. ಬೆರಳು ಹೋದದ್ದು ಹೀಗೆ, ಗಾಯದ ಮೇಲೆ ಗಾಯವಾಗಿ. ರಕ್ತನಾಳ ಮತ್ತು ನರಗಳ ಪೈಕಿ ಕೈಯನ್ನು ಕಾಯುವುದು ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ನನಗೆ ಕಾಣುವುದಿಲ್ಲ.

ಬಲವಾದ ಆಕ್ಷೇಪ ಇನ್ನೊಂದಿದೆ. ಅಪಧಮನಿ ತುಂಡಾದರೆ ನಿಮಿಷಗಳಲ್ಲಿ ಪ್ರಾಣವೇ ಹೋಗಬಹುದು, ನರ ತುಂಡಾಗಿ ಯಾರೂ ಸಾಯುವುದಿಲ್ಲ. ಒಪ್ಪಲೇಬೇಕಾದ ಮಾತು, ರಕ್ತ ಚಿಮ್ಮುವಾಗ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯುವುದೇ ಮೊದಲ ಕೆಲಸ. ಬಳಸುದಾರಿಗೂ ಮಿತಿಯಿದೆ: ಕೆಲವರ ಅಂಗೈಯ ಕಮಾನು ಪೂರ್ತಿ ಕೂಡಿರುವುದಿಲ್ಲ, ಮುಖ್ಯ ನಾಳ ಒಮ್ಮೆಲೇ ತುಂಡಾದರೆ ಸಣ್ಣ ಕವಲುಗಳಿಗೆ ಹಿಗ್ಗಲು ಸಮಯ ಸಿಗುವುದಿಲ್ಲ. ಮುರಿದ ಕೈಗೆ ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ ಕಳಿಸುವ ನಾಟಿ ಕಟ್ಟಿನಿಂದಲೋ ಸಡಿಲಿಸದ ಪ್ಲಾಸ್ಟರ್‌ನಿಂದಲೋ ಮುಂಗೈ ಸ್ನಾಯುಗಳು ಉಸಿರುಗಟ್ಟಿ ಕೊರಡಾಗುತ್ತವೆ; ಬಿಗಿ ಕಟ್ಟಿನ ಈ ಕೇಡನ್ನು 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ವಿವರಿಸಿದ್ದರು. ಅದು ರಕ್ತದ ಕೊರತೆಯ ಕೇಡೇ. ಆದರೆ ಅಲ್ಲಿ ಮೊದಲು ಕೂಗುವವರು ಯಾರು? ಮಣಿಕಟ್ಟಿನ ನಾಡಿ ಎಷ್ಟೋ ಹೊತ್ತು ಸಿಗುತ್ತಲೇ ಇರುತ್ತದೆ. ನಾಡಿ ನಿಲ್ಲುವ ಮೊದಲೇ ಬೆರಳು ಜುಮುಗುಡುತ್ತದೆ, ಬೇರೆಯವರು ಬೆರಳನ್ನು ನೇರ ಮಾಡಿದರೆ ತಡೆಯಲಾಗದ ನೋವಾಗುತ್ತದೆ. ನಾಡಿಯಿದೆ ಎಂದು ಸುಮ್ಮನಿದ್ದವರು ಕೈ ಕಳೆದುಕೊಳ್ಳುತ್ತಾರೆ.

ಹಾಗೆಂದು ಪ್ರತಿ ಜೋಮಿಗೂ ಗಾಬರಿ ಬೇಡ. ತೋಳು ಮಡಚಿ ಮಲಗಿದಾಗ ಬಂದು, ಕೊಡವಿದರೆ ಬಿಡುವ ಜೋಮು ಎಲ್ಲರಿಗೂ ಇದ್ದದ್ದೇ. ಬಿಡದ ಜೋಮು ಯಾವ ಬೆರಳಲ್ಲಿದೆ ಎಂದು ಗಮನಿಸಿ. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳಿನ ಅರ್ಧವಾದರೆ ಅಲ್ನಾರ್. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ನಿದ್ದೆಗೆಡಿಸಿದರೆ ಮೀಡಿಯನ್. ಹೆಬ್ಬೆರಳ ಬುಡದ ಹಿಂಬದಿ ಮರಗಟ್ಟಿ ಮಣಿಕಟ್ಟು ಮೇಲೇಳದಿದ್ದರೆ ರೇಡಿಯಲ್. ಮೀಡಿಯನ್ ಸೊರಗಿ ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದ್ದರೆ ಆಗಲೇ ತಡವಾಗಿದೆ. ಮಣಿಕಟ್ಟಿಗೋ ಅಂಗೈಗೋ ಗಾಜು, ಕತ್ತಿ ತಾಗಿದ್ದರೆ ಹೊಲಿಗೆಗೆ ಮುಂಚೆ ಒಂದೊಂದೇ ಬೆರಳ ತುದಿ ಮುಟ್ಟಿಸಿಕೊಂಡು, ಎಲ್ಲಿ ಸ್ಪರ್ಶ ಮಂಕಾಗಿದೆ ಎಂದು ವೈದ್ಯರಿಗೆ ಹೇಳಿ. ಮರಗಟ್ಟಿಸುವ ಇಂಜೆಕ್ಷನ್ ಬಿದ್ದ ಮೇಲೆ ಆ ಪರೀಕ್ಷೆಗೆ ಅರ್ಥವಿರುವುದಿಲ್ಲ.