ವಕಾಲತ್ತಿಲ್ಲದ ಬಿನ್ನಹ

'ವಕಾಲತ್ತು ವಹಿಸುವುದು' ಎಂಬ ಮಾತು ನಮ್ಮಲ್ಲಿ ನ್ಯಾಯಾಲಯದ ಆವರಣವನ್ನು ದಾಟಿ ಎಂದೋ ಮನೆಯಂಗಳಕ್ಕೆ ಬಂದಿದೆ. ತಮ್ಮನ ಪರವಾಗಿ ಅಣ್ಣ, ಅಳಿಯನ ಪರವಾಗಿ ಮಾವ, ಹೀಗೆ ಎಲ್ಲರೂ ಎಲ್ಲರ ಪರವಾಗಿ ವಕಾಲತ್ತು ವಹಿಸುವವರೇ. ತನ್ನ ಮಾತನ್ನು ತಾನೇ ನಿಂತು ಆಡುವುದು ಮಾತ್ರ ನಮಗೆ ರೂಢಿಯಿಲ್ಲ. ಅದರಲ್ಲಿಯೂ ಮುರಿದ ದಾಂಪತ್ಯವನ್ನು ಕುರಿತು ಹೇಳಬೇಕಾಗಿ ಬಂದಾಗ ಗಂಡ ಹೆಂಡಿರಿಬ್ಬರೂ ಮೂಕರಾಗಿ, ಬಂಧುಗಳೂ ವಕೀಲರೂ ವಾಚಾಳಿಗಳಾಗುವುದು ಲೋಕದ ರೀತಿ. ಆದರೆ ನಮ್ಮ ಕಾನೂನು ಬೇರೊಂದು ದಾರಿಯನ್ನೂ ತೆರೆದಿಟ್ಟಿದೆ. ಆ ದಾರಿಯಲ್ಲಿ ನಡೆದವರಲ್ಲಿ ನಾನೂ ಒಬ್ಬನಾದ್ದರಿಂದ ಅದರ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದು.

1955ರಲ್ಲಿ ಹಿಂದೂ ವಿವಾಹ ಕಾಯಿದೆ ಬಂದಾಗ ವಿಚ್ಛೇದನವೆಂದರೆ ದೋಷಾರೋಪಣೆಯೇ ಆಗಿತ್ತು. ಒಬ್ಬರು ಇನ್ನೊಬ್ಬರ ಮೇಲೆ ಏನಾದರೊಂದು ದೋಷವನ್ನು ಹೊರಿಸಿ ಸ್ಥಾಪಿಸಬೇಕು; ಇಲ್ಲವಾದರೆ ಬಿಡುಗಡೆಯಿಲ್ಲ. 1976ರ ತಿದ್ದುಪಡಿ ಆ ಕಾಯಿದೆಗೆ 13-ಬಿ ಎಂಬ ಕಲಮನ್ನು ಸೇರಿಸಿ, ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶವನ್ನು ಕಲ್ಪಿಸಿತು. ಇನ್ನೊಂದು ಕಡೆ, 1953ರಲ್ಲಿ ಚೀನಾಕ್ಕೆ ಹೋಗಿ ಅಲ್ಲಿನ ಕುಟುಂಬ ನ್ಯಾಯಾಲಯಗಳನ್ನು ಕಂಡುಬಂದ ದುರ್ಗಾಬಾಯಿ ದೇಶಮುಖರು ನಮ್ಮಲ್ಲಿಯೂ ಅಂಥವು ಬೇಕೆಂದು ವಾದಿಸಿದ್ದರು. 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಬಂತು. ಅದರ 13ನೆಯ ಕಲಮಿನಂತೆ ಅಲ್ಲಿ ಯಾರಿಗೂ ವಕೀಲರ ಮೂಲಕವೇ ಮಾತನಾಡುವ ಹಕ್ಕೆಂಬುದಿಲ್ಲ; ಅಗತ್ಯ ಕಂಡರೆ ನ್ಯಾಯಾಧೀಶರೇ ಒಬ್ಬ ಕಾನೂನು ತಜ್ಞರ ನೆರವನ್ನು ಪಡೆಯಬಹುದು. ಎರಡು ಕಾಯಿದೆಗಳ ಎರಡು ಹದಿಮೂರುಗಳು ಕೂಡಿ ನಮ್ಮಂಥವರಿಗೆ ದಾರಿಯಾದವು. ರೂಢಿಯಲ್ಲಿ ಅನುಮತಿ ಪಡೆದು ವಕೀಲರು ಬರುವುದೇ ಹೆಚ್ಚು. ಆದರೆ ಬರಲೇಬೇಕೆಂಬ ಕಟ್ಟಳೆಯಿಲ್ಲ.

ಒಮ್ಮತದ ಅರ್ಜಿಯಲ್ಲಿ ಕಾನೂನು ಕೇಳುವ ಸಂಗತಿಗಳು ಮೂರೇ ಮೂರು: ಒಂದು ವರ್ಷವೋ ಅದಕ್ಕಿಂತ ಹೆಚ್ಚು ಕಾಲವೋ ಬೇರೆಯಾಗಿ ಬಾಳುತ್ತಿದ್ದೇವೆ; ಕೂಡಿ ಬಾಳುವುದು ನಮ್ಮಿಂದಾಗಲಿಲ್ಲ; ವಿವಾಹವನ್ನು ರದ್ದುಪಡಿಸಲು ಇಬ್ಬರೂ ಒಪ್ಪಿದ್ದೇವೆ. ಏಕೆ ಆಗಲಿಲ್ಲವೆಂದು ಅದು ಕೇಳುವುದಿಲ್ಲ. ಕಾರಣವನ್ನು ಕೇಳುವವರು ನೆಂಟರು, ನೆರೆಯವರು, ಸಹೋದ್ಯೋಗಿಗಳು. ಕಾನೂನು ಅವರೆಲ್ಲರಿಗಿಂತ ಸಭ್ಯವಾದುದು. ಭಾಷೆಯನ್ನು ಕಲಿಸಿಯೇ ಹೊಟ್ಟೆ ಹೊರೆಯುವ ನಾನು ಆ ಮೂರು ವಾಕ್ಯಗಳನ್ನು ಬರೆಯಲು ಒಂದು ಸಂಜೆಯನ್ನೆಲ್ಲ ಕಳೆದೆ. ಆಕೆ ಓದಿ, 'ನಮ್ಮಿಂದ' ಎಂಬ ಪದದ ಕೆಳಗೆ ಬೆರಳಿಟ್ಟು, "ಇದು ಸರಿಯಾಗಿದೆ" ಎಂದರು.

ಉಳಿದುದು ಕಾಗದ ಪತ್ರಗಳ ಕೆಲಸ. ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ನೋಂದಣಿಯಾಗಿದ್ದರೆ ಅದರ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಇಬ್ಬರ ಸಹಿಯುಳ್ಳ ಪ್ರಮಾಣಪೂರ್ವಕ ಹೇಳಿಕೆಗಳು. ಮದುವೆ ನಡೆದ ಊರಿನಲ್ಲಾಗಲಿ, ಕೊನೆಯದಾಗಿ ಕೂಡಿ ಬಾಳಿದ ಊರಿನಲ್ಲಾಗಲಿ ಅರ್ಜಿ ಸಲ್ಲಿಸಬಹುದು. ಇವೆಲ್ಲವುಗಳಿಗಿಂತ ಕಷ್ಟವಾದುದು ಒಪ್ಪಂದದ ಕರಾರುಗಳು. ಅರ್ಜಿಯ ತಿರುಳು ಮೂರು ವಾಕ್ಯಗಳಾದರೆ ನಮ್ಮ ಕರಾರುಗಳು ಐದು ಪುಟಗಳಾದವು. ಒಡವೆ, ಪಾತ್ರೆ, ಬ್ಯಾಂಕಿನ ಠೇವಣಿ ಬೇಗ ಮುಗಿದವು. ಮಗಳ ಬೇಸಗೆ ರಜೆ ಮುಗಿಯಲಿಲ್ಲ. ದಸರೆ ಯಾರ ಮನೆಯಲ್ಲಿ, ಯುಗಾದಿ ಯಾರ ಮನೆಯಲ್ಲಿ, ಕಾಯಿಲೆಯಾದರೆ ಯಾರಿಗೆ ಮೊದಲು ಸುದ್ದಿ ಹೋಗಬೇಕು, ಇವನ್ನು ಯಾವ ವಕೀಲರೂ ನಮಗಾಗಿ ನಿರ್ಧರಿಸಲಾರರು. ಮೂರು ತಿಂಗಳು ಕುಳಿತು ನಾವೇ ಬರೆದೆವು.

ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಾಯಬೇಕು. ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಕೋರಬೇಕು. ಈ ಆರು ತಿಂಗಳನ್ನು ಸೂಕ್ತ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ನಾವು ಮನ್ನಾ ಕೇಳಲಿಲ್ಲ. ಸಮ್ಮತಿಯನ್ನು ಡಿಕ್ರಿಯಾಗುವವರೆಗೂ ಯಾರಾದರೂ ಹಿಂದೆಗೆಯಬಹುದೆಂದು ಅದೇ ನ್ಯಾಯಾಲಯ 1991ರಲ್ಲಿ ಹೇಳಿತ್ತು. ಹಾಗೆ ಹಿಂದೆಗೆಯಲು ಇಬ್ಬರಿಗೂ ಬಿಡುವಿರಲಿ ಎಂಬುದು ನಮ್ಮ ಅಭಿಪ್ರಾಯವಾಗಿತ್ತು. ಕಡೆಯ ತಾರೀಖಿನಂದು ನ್ಯಾಯಾಧೀಶರು ಆಕೆಯನ್ನೇ ನೋಡಿ, "ಯಾರಾದರೂ ಬಲವಂತ ಮಾಡಿದ್ದಾರೆಯೇ ಅಮ್ಮಾ?" ಎಂದು ಕೇಳಿದರು. ಉತ್ತರ ಕೊಡಲು ನಡುವೆ ಯಾರೂ ಇರಲಿಲ್ಲ. ಆಕೆ "ಇಲ್ಲ" ಎಂದರು. ಆ ಒಂದು ಶಬ್ದವನ್ನು ನಾನು ಕಿವಿಯಾರೆ ಕೇಳಿದೆ. ಬೇರೆಯವರ ಬಾಯಿಂದ ಕೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ!

ಇಷ್ಟನ್ನು ಓದಿ ವಾಚಕರು ವಕೀಲರೇ ಬೇಡವೆಂದು ತೀರ್ಮಾನಿಸಬಾರದು. ಹೊಡೆತ ಬಡಿತಗಳಿದ್ದಲ್ಲಿ, ಆಸ್ತಿಯನ್ನು ಮುಚ್ಚಿಟ್ಟಲ್ಲಿ, ಮಗುವನ್ನು ಕಸಿದುಕೊಂಡಲ್ಲಿ, ಒಬ್ಬರು ಗದರಿ ಇನ್ನೊಬ್ಬರು ನಡುಗುವಲ್ಲಿ, ತಾನೇ ವಾದಿಸುತ್ತೇನೆನ್ನುವುದು ಸಾಹಸವಲ್ಲ, ಅಪಾಯ. ಅಂಥಲ್ಲಿ 'ಒಪ್ಪಿಗೆ' ಎಂಬುದು ಸಹಿಯ ಹೆಸರು ಮಾತ್ರ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಅವರ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿಯನ್ನು ಕೇಳಿದರೆ ಸಾಕು. ಇಬ್ಬರೂ ಒಂದು ಮೇಜಿನ ಎರಡು ಕಡೆ ಕುಳಿತು, ದನಿಯೇರಿಸದೆ ಒಂದು ಪುಟ ಬರೆಯಬಲ್ಲರೋ ಇಲ್ಲವೋ ಎಂಬುದೇ ನಾನು ಕಂಡುಕೊಂಡ ಪರೀಕ್ಷೆ. ಬರೆಯಬಲ್ಲವರಿಗೆ ಈ ದಾರಿ. ಬರೆಯಲಾರದವರಿಗೆ ವಕೀಲರ ದಾರಿ. ಎರಡರಲ್ಲಿ ಯಾವುದೂ ಅವಮಾನವಲ್ಲ.

ಹಣ ಉಳಿಯಿತೆ ಎಂದು ಗೆಳೆಯರು ಕೇಳುತ್ತಾರೆ. ಉಳಿಯಿತು, ನಿಜ. ಆದರೆ ನನಗೆ ಮುಖ್ಯವಾದುದು ಬೇರೆ. ನಮ್ಮ ಮಗಳಿಗೆ ಈಗ ಹನ್ನೊಂದು ವರ್ಷ. ಮುಂದೆ ಒಂದು ದಿನ ಅವಳು ಆ ಕಡತವನ್ನು ಕೇಳಿಯೇ ಕೇಳುತ್ತಾಳೆ. ಅದರಲ್ಲಿ ಅವಳ ತಾಯಿಯ ಮೇಲೆ ತಂದೆಯ ದೂರಿಲ್ಲ. ತಂದೆಯ ಮೇಲೆ ತಾಯಿಯ ದೂರಿಲ್ಲ. ಮೂರು ವಾಕ್ಯಗಳಿವೆ, ಅವಳ ರಜೆಯ ಲೆಕ್ಕವಿದೆ, ಇಬ್ಬರ ಸಹಿಯಿದೆ. ಅದನ್ನು ಅವಳ ಕೈಗೆ ಕೊಡಲು ನಮ್ಮಿಬ್ಬರಿಗೂ ಸಂಕೋಚವಿಲ್ಲ.