ಕಪ್ಪು ಕೂರುವ ಹಾಳೆ

ಅಜ್ಜಿ ಒಲೆಯ ಮುಂದೆ ಕೂತಿದ್ದಾರೆ. ಹಿಂದಿನ ಗೋಡೆ ವರ್ಷಗಟ್ಟಲೆ ಹೊಗೆ ಕುಡಿದು ಮಸಿಯಾಗಿದೆ. ಈ ಕಪ್ಪು-ಬಿಳುಪು ಚಿತ್ರದ ಎರಡು ಪ್ರಿಂಟ್‌ಗಳು ನನ್ನ ಮೇಜಿನ ಮೇಲಿವೆ. ಫೈಲು ಒಂದೇ, ಪ್ರಿಂಟರೂ ಒಂದೇ; ಹಾಳೆ ಮಾತ್ರ ಬೇರೆ. ಒಂದರಲ್ಲಿ ಗೋಡೆಗೆ ಒರಗಿಸಿಟ್ಟ ಊದುಗೊಳವೆ, ಗೂಡಿನೊಳಗಿನ ಬುಡ್ಡಿದೀಪ ಎರಡೂ ಕಾಣುತ್ತವೆ. ಇನ್ನೊಂದರಲ್ಲಿ ಅವು ಕತ್ತಲಿಗೆ ಸರಿದಿವೆ. ಆದರೆ ಅಜ್ಜಿಯ ಕೆನ್ನೆಯ ಸುಕ್ಕು ಅದರಲ್ಲೇ ಜೀವಂತ. ಮುಟ್ಟಿದರೆ ಬೆರಳಿಗೆ ಸಿಕ್ಕೀತು ಅನ್ನಿಸುತ್ತದೆ.

ಊದುಗೊಳವೆ ಕಾಣುವುದು ಬರೈಟಾ ಹಾಳೆಯಲ್ಲಿ. ಡಾರ್ಕ್‌ರೂಮ್ ಕಾಲದ ಕಾಗದಗಳಿಗೆ ಬಳಿಯುತ್ತಿದ್ದ ಬೇರಿಯಂ ಸಲ್ಫೇಟ್ ಲೇಪ ಇದಕ್ಕೂ ಇದೆ, ಹಿತವಾದ ಹೊಳಪೂ ಇದೆ. ಇನ್ನೊಂದು ನೂರಕ್ಕೆ ನೂರು ಹತ್ತಿಯ ಮ್ಯಾಟ್ ಹಾಳೆ. ಹಾಳೆಯೊಂದು ಎಷ್ಟು ಗಾಢ ಕಪ್ಪು ಕೊಡಬಲ್ಲದು ಎಂಬುದಕ್ಕೆ ಡಿ-ಮ್ಯಾಕ್ಸ್ ಎಂಬ ಅಳತೆಯಿದೆ. ಒಳ್ಳೆಯ ಮ್ಯಾಟ್ ಹಾಳೆಗೆ ಅದು ಸುಮಾರು 1.6-1.7ರಲ್ಲಿ ನಿಂತರೆ, ಬರೈಟಾ 2.2 ದಾಟುತ್ತದೆ. ಈ ಅಂಕಿಯೊಂದನ್ನೇ ನಂಬಿ ಹಾಳೆ ಕೊಳ್ಳುವವರಿದ್ದಾರೆ. ಗೋಡೆಗೆ ತೂಗುಹಾಕಲು ನಾನು ಆರಿಸಿದ್ದು ಮಾತ್ರ ಮ್ಯಾಟ್ ಪ್ರಿಂಟನ್ನೇ. ಅದು ಅಜ್ಜಿಯ ಚಿತ್ರ, ಊದುಗೊಳವೆಯದಲ್ಲ.

ಇಂಥ ಇಂಕ್‌ಜೆಟ್ ಪ್ರಿಂಟ್ ಗ್ಯಾಲರಿಯ ಗೋಡೆ ಏರಿದ್ದಕ್ಕೆ ಸಂಗೀತಗಾರರೊಬ್ಬರು ಕಾರಣ. ಗಾಯಕ ಗ್ರಹಾಂ ನ್ಯಾಶ್ 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ನ್ಯಾಶ್ ಎಡಿಷನ್ಸ್ ತೆರೆದರು. ಮುದ್ರಣೋದ್ಯಮದಲ್ಲಿ ಪ್ರೂಫ್ ತೆಗೆಯಲೆಂದು ಮಾಡಿದ್ದ ಐರಿಸ್ ಯಂತ್ರಕ್ಕೆ ಅಲ್ಲಿ ಜಲವರ್ಣದ ದಪ್ಪ ಹಾಳೆ ಸುತ್ತಿದರು. ಅಲ್ಲಿದ್ದ ಜ್ಯಾಕ್ ಡುಗಾನ್ ಇಂಥ ಪ್ರಿಂಟಿಗೆ ‘ಜಿಕ್ಲೇ’ ಎಂದು ಹೆಸರಿಟ್ಟರು. ಫ್ರೆಂಚ್‌ನಲ್ಲಿ ಚಿಮ್ಮಿಸಿದ್ದು ಎಂಬ ಅರ್ಥ. ಪ್ರಿಂಟುಗಳು ಸುಂದರವಾಗಿದ್ದವು, ಆದರೆ ಆ ಯಂತ್ರದ ಡೈ ಶಾಯಿ ಬೇಗ ಮಾಸುತ್ತಿತ್ತು. ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಬಳಕೆಗೆ ಬಂದ ಮೇಲೆ ಆ ಚಿಂತೆ ಬಹುಪಾಲು ತಗ್ಗಿತು, ಎಲ್ಲರ ಗಮನ ಕಾಗದದತ್ತ ತಿರುಗಿತು.

ಆ ಹೊತ್ತಿಗೆ ಇಂಥ ಹಾಳೆ ಮಾಡಲು ಕೈಹಚ್ಚಿದವರಲ್ಲಿ ಹಳೆಯ ಕಾಗದದ ಮನೆಗಳೂ ಇದ್ದವು. ಜರ್ಮನಿಯ ಹಾನೆಮ್ಯೂಲೆ ಗಿರಣಿ 1584ರಷ್ಟು ಹಳೆಯದು. ಅದರ ‘ಫೋಟೊ ರ‍್ಯಾಗ್’ ಚದರ ಮೀಟರಿಗೆ 308 ಗ್ರಾಂ ತೂಗುವ ಹತ್ತಿ ಹಾಳೆ, ಈ ಕಸುಬಿನವರಿಗೆಲ್ಲ ಗೊತ್ತಿರುವ ಹೆಸರು. ಫ್ರಾನ್ಸ್‌ನ ಕ್ಯಾನ್ಸನ್ ಬೆಳೆದದ್ದು 1783ರಲ್ಲಿ ಬಿಸಿಗಾಳಿಯ ಬಲೂನು ಹಾರಿಸಿದ ಮೊಂಗೊಲ್ಫಿಯೆ ಸಹೋದರರ ಮನೆತನದ ಗಿರಣಿಯಿಂದ.

ಹತ್ತಿಯೇ ಯಾಕೆ? ಮರದ ತಿರುಳಿನಲ್ಲಿ ಲಿಗ್ನಿನ್ ಇರುತ್ತದೆ. ಬಿಸಿಲಿಗೆ ಬಿದ್ದ ದಿನಪತ್ರಿಕೆ ಹಳದಿಯಾಗುವುದು ಅದರಿಂದಲೇ. ಹತ್ತಿಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನಾರಿನಲ್ಲಿ ಆ ಕಾಟವಿಲ್ಲ. ಆದರೆ ಹತ್ತಿಯ ಸಹಜ ಬಣ್ಣ ಕೆನೆಯದು. ಅಂಗಡಿಯಲ್ಲಿ ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಕಣ್ಣು ಹೆಚ್ಚು ಬಿಳಿಯದ್ದನ್ನೇ ಆರಿಸುತ್ತದೆ. ಆ ಬಿಳುಪು ಎಷ್ಟೋ ಸಲ ಬಟ್ಟೆ ಸೋಪಿನ ಪುಡಿಯಲ್ಲಿರುವಂಥದೇ ಹೊಳಪುಕಾರಕದ್ದು. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಸೂಸುತ್ತದೆ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಿಡಿದರೆ ಗುಟ್ಟು ರಟ್ಟಾಗುತ್ತದೆ: ಹೊಳಪುಕಾರಕ ಬೆರೆತ ಹಾಳೆ ನೀಲಿಯಾಗಿ ಉರಿಯುತ್ತದೆ, ಇಲ್ಲದ್ದು ಮಂಕಾಗಿ ಸುಮ್ಮನಿರುತ್ತದೆ.

ಆಯ್ಕೆಗೆ ನನ್ನ ಕ್ರಮ ಇಷ್ಟೆ. ಮೊದಲು ಮಾದರಿ ಹಾಳೆಗಳ ಪೊಟ್ಟಣ ತರಿಸಿಕೊಳ್ಳುತ್ತೇನೆ. ಕಂಪನಿ ಕೊಟ್ಟ ಪರೀಕ್ಷಾಚಿತ್ರ ಬೇಡ, ನನ್ನದೇ ಮೂರು ಚಿತ್ರ ಸಾಕು: ಒಂದು ಮುಖ, ಒಂದು ಗಾಢ ನೆರಳು, ಒಂದು ಮೋಡದ ಆಕಾಶ. ಆಯಾ ಹಾಳೆಗೆ ಬಣ್ಣ ಹೊಂದಿಸುವ ಐಸಿಸಿ ಪ್ರೊಫೈಲ್ ಎಂಬ ಫೈಲು ಹಾಕದೆ ಮಾಡಿದ ಹೋಲಿಕೆ ಹಾಳೆಗೆ ಮಾಡುವ ಅನ್ಯಾಯ. ಹತ್ತಿ ಹಾಳೆಯಾದರೆ ಮೆದು ಬ್ರಷ್‌ನಿಂದ ಒಮ್ಮೆ ಸವರಲೇಬೇಕು. ಮೇಲೆ ಕೂತ ನಾರಿನ ಚೂರು ಶಾಯಿ ಕುಡಿದು ಆಮೇಲೆ ಉದುರಿದರೆ, ಅಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಅಜ್ಜಿಯ ಮೊದಲ ಪ್ರಿಂಟು ಕೆಟ್ಟದ್ದು ಹೀಗೆಯೇ, ಸರಿಯಾಗಿ ಕಣ್ಣಿನ ಕೆಳಗೆ. ಮಳೆಗಾಲದಲ್ಲಿ ಪೊಟ್ಟಣ ತೆರೆದಿಟ್ಟರೆ ಹಾಳೆ ತೇವ ಹೀರಿ ಅಂಚು ಬಾಗುತ್ತದೆ, ಪ್ರಿಂಟರಿನ ಹೆಡ್ ಅದಕ್ಕೆ ತಾಗಿ ಮಸಿ ಬಳಿಯುತ್ತದೆ. ಪ್ರಿಂಟನ್ನು ಒಂದು ದಿನ ಆರಲು ಬಿಟ್ಟು, ತೂಗುಹಾಕುವ ಕೋಣೆಯ ಬೆಳಕಿನಲ್ಲೇ ನೋಡುತ್ತೇನೆ.

ಇನ್ನೊಂದು ಪರೀಕ್ಷೆಗೆ ತಾಳ್ಮೆ ಬೇಕು. ಕಳೆದ ಯುಗಾದಿಗೆ ಎರಡು ಖಾಲಿ ಹಾಳೆಗಳ ಪಟ್ಟಿಗಳನ್ನು ಪಶ್ಚಿಮದ ಕಿಟಕಿಗೆ ಅಂಟಿಸಿ, ಅರ್ಧರ್ಧ ರಟ್ಟು ಮುಚ್ಚಿದ್ದೆ. ಮೊನ್ನೆ ರಟ್ಟು ಸರಿಸಿದೆ. ಅಂಗಡಿಯಲ್ಲಿ ಕಣ್ಣು ಕೋರೈಸಿದ್ದ ಹಾಳೆಯ ಬಿಸಿಲುಂಡ ಅರ್ಧ ಹಳೆಯ ಪಂಚೆಯ ಬಣ್ಣಕ್ಕೆ ಇಳಿದಿತ್ತು. ಕೆನೆ ಬಣ್ಣದ ಹತ್ತಿ ಹಾಳೆಯಲ್ಲಿ ರಟ್ಟಿನ ಗೆರೆ ಎಲ್ಲಿತ್ತೆಂದು ಹುಡುಕಬೇಕಾಯಿತು.