ಹಿಮದ ನದಿಯಲ್ಲಿ ಟ್ರೌಟ್: ಬೆಲೆ ತೆತ್ತವರು ಯಾರು?

ಗಾಳಿ, ಬಿಸಿಲು, ಹರಿಯುವ ನೀರು ಇವು ಉಚಿತ ವಸ್ತುಗಳೆಂದು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಟ್ಟವು. ನದಿಯಲ್ಲಿ ಗಾಳ ಹಾಕುವ ಆನಂದವನ್ನೂ ಈ ಸಾಲಿಗೆ ಸೇರಿಸುವವರು ಉಂಟು. ಅಮೆರಿಕದ ಗ್ರೀನ್ ನದಿಯ ಕಥೆ ಈ ನಂಬಿಕೆಯನ್ನು ಅಲುಗಿಸುತ್ತದೆ.

ಯೂಟಾ ರಾಜ್ಯದ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟೆಯ ಕೆಳಗೆ ಈ ನದಿ ಕೆಂಪು ಬಂಡೆಗಳ ಕಣಿವೆಯಲ್ಲಿ ಹರಿಯುತ್ತದೆ. ಚಳಿಗಾಲದಲ್ಲಿ ದಡದ ಮೇಲೆ ಹಿಮವಿದ್ದರೂ ಅಣೆಕಟ್ಟೆಯ ಬುಡದ ನೀರು ಹೆಪ್ಪುಗಟ್ಟದು. ನಡುಹಗಲಿನ ಎಳೆಬಿಸಿಲಿಗೆ ಮಿಜ್ ಎಂಬ ನೊರಜುಗಳು ನೀರಿನಿಂದ ಮೇಲೇಳುತ್ತವೆ. ಅವನ್ನು ಹೀರಲು ಟ್ರೌಟ್ ಮೀನುಗಳು ಮೇಲಕ್ಕೆ ಬರುತ್ತವೆ. ಪುಟ್ಟ ಗಾಳಕ್ಕೆ ಗರಿ, ನೂಲು ಸುತ್ತಿ ಮಾಡಿದ ಕೃತಕ ಕೀಟವೇ ಡ್ರೈ ಫ್ಲೈ. ಅದು ಮುಳುಗದೆ, ಹರಿವಿನ ವೇಗದಲ್ಲೇ ತೇಲಬೇಕು. ದಾರ ತುಸು ಜಗ್ಗಿದರೂ ಮೀನು ಮುಖ ತಿರುಗಿಸುತ್ತದೆ. ಕೋಲಿನ ಬಳೆಗಳಲ್ಲಿ ಕಟ್ಟುವ ಮಂಜುಗಡ್ಡೆಯನ್ನು ಆಗಾಗ ಬಿಡಿಸುತ್ತಿರಬೇಕು. ಹಿಡಿದ ಮೀನನ್ನು ಹೆಚ್ಚಿನವರು ಮತ್ತೆ ನೀರಿಗೇ ಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಅದನ್ನು ಕಣ್ಣಾರೆ ಕಂಡಾಗ ಆ ತಾಳ್ಮೆಗೆ ನಾನೂ ಮನಸೋತೆ.

ಆದರೆ ಈ ಸೊಬಗು ನಿಸರ್ಗದತ್ತವಲ್ಲ. ಹಿಂದೆ ಗ್ರೀನ್ ನದಿ ವಸಂತದಲ್ಲಿ ಕೆಸರಿನ ಪ್ರವಾಹವಾಗಿ ಉಕ್ಕುತ್ತಿತ್ತು, ಬೇಸಿಗೆಯಲ್ಲಿ ಬೆಚ್ಚಗಾಗುತ್ತಿತ್ತು. ಕೊಲೊರಾಡೊ ಪೈಕ್‌ಮಿನೋ, ರೇಜರ್‌ಬ್ಯಾಕ್ ಸಕರ್ ಮೊದಲಾದ ಸ್ಥಳೀಯ ಮೀನುಗಳು ಆ ಲಯಕ್ಕೇ ಒಗ್ಗಿದ್ದವು. ಅಣೆಕಟ್ಟೆ ಮುಗಿಯುವ ಮುನ್ನ, 1962ರ ಸೆಪ್ಟೆಂಬರ್‌ನಲ್ಲಿ, ಟ್ರೌಟ್‌ಗೆ ಎಡೆಮಾಡಿಕೊಡಲು ಗ್ರೀನ್ ಮತ್ತು ಅದರ ಉಪನದಿಗಳ ಸುಮಾರು 700 ಕಿ.ಮೀ. ಹರಿವಿಗೆ ಸರ್ಕಾರಿ ಇಲಾಖೆಗಳೇ ರೊಟೆನೋನ್ ಎಂಬ ವಿಷ ಸುರಿದವು. ವಿಷವನ್ನು ನಿಷ್ಕ್ರಿಯಗೊಳಿಸುವ ಏರ್ಪಾಡು ಪೂರ್ಣ ಫಲ ಕೊಡದೆ, ಅದು ಕೆಳಗಿನ ಡೈನೋಸಾರ್ ರಾಷ್ಟ್ರೀಯ ಸ್ಮಾರಕ ಪ್ರದೇಶವನ್ನೂ ಮುಟ್ಟಿತು.

ಮುಂದೆ ಜಲಾಶಯದ ಆಳದಿಂದ ಬಂದ ಕೊರೆಯುವ ನೀರಿನಲ್ಲಿ ಟ್ರೌಟ್ ಕೂಡ ಸರಿಯಾಗಿ ಬೆಳೆಯಲಿಲ್ಲ. 1978ರಲ್ಲಿ ಮೇಲ್ಪದರದ ಬೆಚ್ಚನೆಯ ನೀರನ್ನು ಬಿಡುವ ವ್ಯವಸ್ಥೆಯಾದ ಬಳಿಕವಷ್ಟೇ ಅವು ಕೊಬ್ಬಿದವು. ಸ್ಥಳೀಯ ಪೈಕ್‌ಮಿನೋ ಆ ವೇಳೆಗಾಗಲೇ ಅಳಿವಿನಂಚಿನ ಪಟ್ಟಿ ಸೇರಿತ್ತು. ಅಂಥ ಮೀನುಗಳಿಗಾಗಿ ವಸಂತದ ಪ್ರವಾಹವನ್ನು ಹೋಲುವಂತೆ ನೀರು ಬಿಡುವ ವಿಧಿವತ್ತಾದ ತೀರ್ಮಾನ 2006ರಲ್ಲಿ ಹೊರಬಿತ್ತು. ಅಲ್ಲಿಗೆ ನಾಲ್ಕು ದಶಕ ಕಳೆದಿದ್ದವು.

ಚಳಿಗಾಲದ ಗಾಳಗಾರರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರ ವಿರಾಮದ ಸುಖ, ಅವರನ್ನು ನಂಬಿದ ದೋಣಿಯವರ, ಹೋಟೆಲಿನವರ ಗಳಿಕೆ ಎಲ್ಲವೂ ನಿಜವಾದ ಲಾಭವೇ. ತಪ್ಪಿರುವುದು ಲೆಕ್ಕದ ಇನ್ನೊಂದು ಮಗ್ಗುಲಲ್ಲಿ. ಸೇವೆಯಲ್ಲಿದ್ದಾಗ ನಾನು ನೋಡಿದ ಇಲ್ಲಿನ ನೀರಾವರಿ ಕಡತಗಳಲ್ಲೂ ಎಕರೆ, ಟಿಎಂಸಿ, ಮೆಗಾವಾಟ್‌ಗಳಿಗೆ ಅಂಕಣಗಳಿದ್ದವು. ನದಿಯ ಮೂಲನಿವಾಸಿಗಳಾದ ಮೀನುಗಳಿಗೆ ಇರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದಕ್ಕೆ ಮೌಲ್ಯವೂ ಇಲ್ಲವೆಂದು ಬಗೆದರೆ ಅದರ ನಷ್ಟ ಮುಂದಿನ ಪೀಳಿಗೆಯ ಖಾತೆಗೆ ಬೀಳುತ್ತದೆ. ಹೊಸ ಅಣೆಕಟ್ಟೆಗೆ ಅಡಿಗಲ್ಲು ಹಾಕುವ ಮೊದಲೇ ಆ ಅಂಕಣವನ್ನು ತುಂಬುವುದು ವಿವೇಕ.